ಆಣೆಯ ಕಟ್ಟೆಯಲ್ಲಿ ಅಬ್ಬಲಿಗೆ

ಬೊಂಬಾಯಿ ಅಕ್ಕ ತೀರಿಕೊಂಡಾಗ ಮುಡಿಗೆ ಹೂವಿಡಬೇಕೋ ಬೇಡವೋ ಎಂದು ನೆರೆದವರು ವಾದಕ್ಕೆ ನಿಂತರಂತೆ. ಗಂಡ ಇದ್ದಾನೋ ಸತ್ತಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ಮುತ್ತೈದೆ ಅನ್ನುವುದು ಹೇಗೆ, ಅಲ್ಲ ಅನ್ನುವುದು ಹೇಗೆ? ಆ ಹೊತ್ತಿಗೆ ಊರು ಬಿಟ್ಟು ಬ್ರಹ್ಮಾವರದಲ್ಲಿದ್ದ ನನಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಕೇಳಿ ಸಿಟ್ಟೂ ಬಂತು, ನಗುವೂ ಬಂತು. ಬದುಕಿದ್ದಾಗ ಇದೇ ಮಾತು ಎತ್ತಿದವರಿಗೆ ಅವರು ಕೊಡುತ್ತಿದ್ದ ಉತ್ತರ ನನಗೆ ಬಾಯಿಪಾಠವಾಗಿತ್ತು. "ಸತ್ತ ಅಂದೇಳಿ ಯಾರಾರೂ ಬಂದ್ ಹೇಳಿರಾ? ಇಲ್ಲೆ ಅಲ್ದಾ? ಮತ್ತೆ ನಾನ್ಯಾಕೆ ಹೂ ತೆಗೂದ್? ಅವ್ನೇ ಬಂದ್ ಹೇಳ್ಲಿ, ಕಡೀಗ್ ಕಾಂಬ." ಸತ್ತವನೇ ಬಂದು ಹೇಳಬೇಕಂತೆ!

ಕುಂದಾಪುರದ ನಮ್ಮ ಕೇರಿಯಲ್ಲಿ ಅವರಿಗೆ ಬೊಂಬಾಯಿ ಅಕ್ಕ ಎಂದೇ ಹೆಸರು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ "ನನ್ ಹೆಸ್ರ್ ಬರುಕೆ ನಿಂಗ್ಯಾರ್ ಹೇಳಿರ್ ಹೆಣೆ" ಎಂದು ಎಲ್ಲಿದ್ದರೂ ಎದ್ದು ಬಂದಾರು. ಕುಳ್ಳಗೆ, ದಪ್ಪಗೆ, ಕಪ್ಪಗೆ ಇದ್ದರು. ಸೆರಗನ್ನು ಸೊಂಟಕ್ಕೆ ಬಿಗಿದೇ ಇರುತ್ತಿದ್ದರು, ಮದುವೆ ಮನೆಗೆ ಬಂದರೂ. ಮಾತು ಶುರು ಮಾಡುವ ಮೊದಲು ಒಮ್ಮೆ ತೊಡೆ ತಟ್ಟುವುದು ಅಭ್ಯಾಸ. ಬೊಂಬಾಯಿಯಲ್ಲಿ ಗಿರಣಿ ಕೆಲಸದವರಿಗೆ ಊಟ ಹಾಕುವ ಖಾನಾವಳಿ ನಡೆಸಿದವರು. ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಹೋದ ಹಾಗೇ ಹೋದ. ಖಾನಾವಳಿ ಇದ್ದ ಚಾಳನ್ನೇ ಕೆಡವಿದ ಮೇಲೆ ಇವರು ಒಂದು ಟ್ರಂಕು ಹಿಡಿದು ಶಿರೂರಿನ ಅಣ್ಣನ ಮನೆಗೆ ಬಂದರು. ಅಲ್ಲಿ ಅತ್ತಿಗೆ ಪಾತ್ರೆ ಇಡುವ ಸದ್ದಿನಲ್ಲೇ ಸಂಗತಿ ತಿಳಿಯಿತಂತೆ. ಯಾರೂ ಹೋಗು ಅನ್ನುವ ಮೊದಲೇ ಕುಂದಾಪುರಕ್ಕೆ ಬಂದು ಹಪ್ಪಳ ಉಪ್ಪಿನಕಾಯಿ ಮಾಡಿ ಹೋಟೆಲುಗಳಿಗೆ ಕೊಡತೊಡಗಿದರು.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿದ್ದ ಕಾಲ ಅದು. ಹೊಳೆ ದಾಟಲು ಇನ್ನೂ ದೋಣಿಯೇ ಗತಿ. ಒಂದು ಸಲ ನಾನೂ ಅವರೂ ತಲ್ಲೂರಿನ ಕಡೆಯಿಂದ ಬರುವಾಗ, ದಡ ಬಿಡುವ ಮೊದಲೇ, ದೋಣಿಗೆ ಜನ ತುಂಬಿ ಅಂಚು ನೀರಿಗೆ ಮುಟ್ಟುತ್ತಿತ್ತು. ಎಲ್ಲರೂ ದೇವರ ಹೆಸರು ಹೇಳಿಕೊಂಡು ಕೂತಿದ್ದರೆ ಇವರು ಎದ್ದು ನಿಂತು ತೊಡೆ ತಟ್ಟಿದರು. "ಹ್ವಾಯ್, ಒಬ್ರ್ ಇಳಿರಿ! ಇಳೀದೆ ದೋಣಿ ಬಿಡುಕಾಗ!" ಯಾರು ಇಳಿಯಬೇಕು ಎಂದು ಯಾರೋ ಕೇಳಿದ. ಇವರು ಕೈ ಮಾಡಿ ತೋರಿಸಿದ್ದು ಟೊಪ್ಪಿ ಹಾಕಿಕೊಂಡು ಕೂತಿದ್ದ ಪೋಲೀಸಿನವನನ್ನು. ಪಾಪ, ಅವನು ಇಳಿದೇಬಿಟ್ಟ. ಇಳಿದ ಮೇಲೆ ದಡದಲ್ಲಿ ನಿಂತು ತಾನು ಯಾಕೆ ಇಳಿದೆ ಎಂದು ಯೋಚಿಸುತ್ತಿದ್ದುದು ನಮಗೆ ಕಾಣುತ್ತಿತ್ತು.

ಇಂಥ ಹೆಂಗಸು ಬಂದು ಸೇರಿಕೊಂಡದ್ದು ದೊಡ್ಡ ಸಾಹುಕಾರರ ಹಿತ್ತಿಲ ಕಡೆಯ ಬಾಡಿಗೆ ಕೋಣೆಗೆ. ದೊಡ್ಡ ಸಾಹುಕಾರರು, ಸಣ್ಣ ಸಾಹುಕಾರರು ಒಂದೇ ತಾಯಿಯ ಮಕ್ಕಳು. ಅಕ್ಕಿ, ತೆಂಗಿನಕಾಯಿ ವ್ಯಾಪಾರದವರು. ಒಂದೇ ಮನೆಯನ್ನು ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ನಾವು ಅದರ ಎದುರಿಗಿದ್ದವರು. ಆ ಎರಡು ಮನೆ ಕೂಡುವ ಕಡೆ, ಬೀದಿಗೆ ತಾಗಿ, ಮುರಕಲ್ಲಿನಲ್ಲಿ ಕಟ್ಟಿ ಮಣ್ಣು ತುಂಬಿಸಿದ ಉದ್ದನೆಯ ಹೂವಿನ ಕಟ್ಟೆಯೊಂದಿತ್ತು. ಅವರ ತಾಯಿ ಕಟ್ಟಿಸಿದ್ದು. ಆ ಮುದುಕಿ ಇದ್ದಷ್ಟು ಕಾಲ ಸಂಜೆಯಾದರೆ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರಿ ಅಬ್ಬಲಿಗೆ, ಅಂದರೆ ಕನಕಾಂಬರ, ಕೊಯ್ದು, ಅಲ್ಲೇ ಕೂತು ಕಟ್ಟಿ, ಮುಡಿದು ಹೋಗುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದೆಲ್ಲ ಕತೆಯಾಗಿತ್ತು.

ಮುದುಕಿ ಸತ್ತು ಪಾಲಾಗುವಾಗ ಕಟ್ಟೆ ಯಾರದು ಎಂದು ಜಗಳ ಹುಟ್ಟಿತು. ಮನೆ ಪಾಲಾಯಿತು, ಗದ್ದೆ ಪಾಲಾಯಿತು, ಹಿತ್ತಾಳೆ ಹಂಡೆ ಕೂಡ ಪಾಲಾಯಿತು, ಇಷ್ಟುದ್ದದ ಕಟ್ಟೆ ಮಾತ್ರ ಆಗಲಿಲ್ಲ! ಅಣ್ಣ ಹೋಗಿ ದೇವರೆದುರು ಕಾಯಿ ಇಟ್ಟು, ಆ ಕಟ್ಟೆಯ ಮಣ್ಣು ಮುಟ್ಟಿದವರನ್ನು ನೀನೇ ನೋಡಿಕೋ ಎಂದು ಆಣೆ ಹಾಕಿ ಬಂದರು. ತಮ್ಮ ಬಿಟ್ಟಾರೆಯೇ? ಮರುದಿನವೇ ಹೋಗಿ ಅದೇ ದೇವರೆದುರು ಇನ್ನೊಂದು ಕಾಯಿ ಇಟ್ಟರು. ನಮ್ಮ ಕಡೆ ಆಣೆ ಬಿದ್ದ ಮನೆಗಳ ನಡುವೆ ನೀರಿಲ್ಲ, ಬೆಂಕಿಯಿಲ್ಲ, ಮಾತಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ ತಪ್ಪುಕಾಯಿ ಇಟ್ಟು ಬಿಡಿಸಿಕೊಳ್ಳುವ ತನಕ ಅದು ಹಾಗೇ. ಕಟ್ಟೆಯಲ್ಲಿ ಬೆಳೆದದ್ದನ್ನು ಮುಟ್ಟಿದವರೂ ಮುಡಿದವರೂ ಆಣೆಗೆ ಸಿಕ್ಕಿಬಿದ್ದಂತೆ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಹೇಳಲೇಬೇಕಾದರೆ ಅಣ್ಣ ದನಕ್ಕೆ ಹೇಳುವುದು, ತಮ್ಮ ನಾಯಿಗೆ ಹೇಳುವುದು. ಅಣ್ಣನ ಹೆಂಡತಿ ದೊಡ್ಡಕ್ಕ, ತಮ್ಮನ ಹೆಂಡತಿ ಸಣ್ಣಕ್ಕ ಒಂದೇ ವರ್ಷ ಮದುಮಕ್ಕಳಾಗಿ ಬಂದವರು, ಒಂದೇ ಬಟ್ಟಲಲ್ಲಿ ಉಂಡವರು. ಅವರೂ ಗೋಡೆಯ ಆಚೆ ಈಚೆ ಮೂಕರಾದರು. ಕಟ್ಟೆ ಕಸದ ಗುಂಡಿಯಾಯಿತು.

ಬೊಂಬಾಯಿ ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆಣೆಯ ಮಾತು ಬಾಯಲ್ಲಿ ಆಡಿದರೂ ತಟ್ಟುತ್ತದೆ ಎಂಬ ಹೆದರಿಕೆ ನಮ್ಮವರಿಗೆ. ಮಳೆಗಾಲ ಪೂರ್ತಿ ಅವರು ಮೂಗು ಮುಚ್ಚಿಕೊಂಡು ಆ ಕಟ್ಟೆ ದಾಟಿ ಹೋದರು. ದೀಪಾವಳಿ ಕಳೆದು ಬಿಸಿಲು ಬಂದದ್ದೇ ಒಂದು ಬೆಳಿಗ್ಗೆ ಪಿಕಾಸಿ, ಕತ್ತಿ, ಬುಟ್ಟಿ ಹಿಡಿದು ಬಂದು ಕಟ್ಟೆ ಹತ್ತಿ ನಿಂತರು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟೆ. ಎರಡೂ ಮನೆಯ ಸಾಹುಕಾರರು ಮಂಡಿಗೆ ಹೋಗಿದ್ದರು. ಕೇರಿಯ ಒಂದೊಂದೇ ಬಾಗಿಲು ಅರ್ಧ ಮುಚ್ಚಿಕೊಂಡಿತು. ಆ ಅರ್ಧದಲ್ಲಿ ಒಂದೊಂದು ಮುಖ.

ಒಡೆದ ಚಿಮಣಿ, ಕುಪ್ಪಿಚೂರು, ಮೀನಿನ ಪೊರೆ, ಕೊಡೆಯ ಕಡ್ಡಿ, ಬೀಡಿ ತುಂಡು, ಕೊಳೆತ ಗೋಣಿ, ಅವರು ಬುಟ್ಟಿಗೆ ತುಂಬುತ್ತ, ಪ್ರತಿಯೊಂದನ್ನೂ ಹಾಕಿದವರನ್ನು ಮರಾಠಿಯಲ್ಲಿ ಬೈಯುತ್ತ ಇದ್ದರು. ಒಂದು ಕೇರೆ ಹಾವು ಹೊರಬಂದು ಸರಸರ ಹೋಯಿತು. "ಹೋಯ್ ಬಾ ಮಾರಾಯಾ, ಬಾಡ್ಗೆ ಕೊಡ್ದೆ ಎಷ್ಟ್ ವರ್ಷ ಇದ್ದೆ" ಎಂದು ಅದಕ್ಕೂ ಹೇಳಿದರು. ನನ್ನ ಅತ್ತೆ ಒಳಗಿಂದ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. "ಬಾಯ್ ಹಾಕ್ಬೇಡ. ಮುಟ್ಟಿದ್ ಅವ್ಳ್, ಅನುಭವ್ಸುದೂ ಅವ್ಳೇ." ನನಗೆ ತಡೆಯಲಾಗಲಿಲ್ಲ. ಸೆರಗು ಬಿಡಿಸಿಕೊಂಡು ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅಷ್ಟು ಹೊತ್ತಿಗೆ ಕಟ್ಟೆ ಅರ್ಧ ಖಾಲಿಯಾಗಿತ್ತು.

ಅವರು ಪಿಕಾಸಿ ಕೆಳಗಿಟ್ಟು ಕಟ್ಟೆಯ ಅಂಚಿನಲ್ಲಿ ಕೂತರು. ಎರಡೂ ಕೈ ಮಣ್ಣಾಗಿತ್ತು. ಆ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿದರು.

"ಈಗ ಮುಟ್ಟಿದ್ದಾಯ್ತಲೆ?"

"ಆಯ್ತ್ ಅಕ್ಕ."

"ಅರ್ಧ ಮುಟ್ಟಿರೆ ಅರ್ಧ ಆಣೆಯಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಾಂಗಾರೆ ಬಾಕಿ ಅರ್ಧ ಬಿಟ್ರೆ ನಂಗೆಂತ ಲಾಭ?" ಎಂದು ತೊಡೆ ತಟ್ಟಿ ಎದ್ದರು.

ಸಂಜೆಯೊಳಗೆ ಕಟ್ಟೆ ಬರಿದಾಯಿತು. ಹಳೆಯ ಮಣ್ಣಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ತುಂಬಿಸಿದರು. ಮರುದಿನ ಬಸ್ಸು ಹತ್ತಿ ಬಾರ್ಕೂರಿಗೆ ಹೋಗಿ, ಹಪ್ಪಳ ಕೊಂಡುಕೊಳ್ಳುತ್ತಿದ್ದ ಮನೆಯೊಂದರಿಂದ ಅಬ್ಬಲಿಗೆ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟರು. ನೆಟ್ಟ ಕಟ್ಟೆ ನೋಡಿದರೆ ಎಷ್ಟು ಚೆಂದವಿತ್ತು! ಆದರೆ ಕೇರಿಯಲ್ಲಿ ಒಬ್ಬರೂ ಚೆಂದ ಅನ್ನಲಿಲ್ಲ.

ಬೆಂಕಿ ಹತ್ತಿದ್ದು ಸಣ್ಣ ಸಾಹುಕಾರರ ಬಾಯಿಂದ. ಜಗಲಿಯಲ್ಲಿ ನಿಂತು ತಮ್ಮ ನಾಯಿಗೆ ಹೇಳಿದರು, ಗೋಡೆಯ ಆಚೆಗೆ ಕೇಳುವ ಹಾಗೆ. "ಕಂಡ್ಯಾ? ಸ್ವಂತ ಕೈಯಂಗೆ ಮುಟ್ಟುಕೆ ಧೈರ್ಯ ಇಲ್ದಿದ್ದರ್ ಬಾಡ್ಗೆ ಹೆಂಗ್ಸಿನ್ ಕೈಯಂಗೆ ಮುಟ್ಸುದ್! ದೇವ್ರಿಗೇ ಮೋಸ!" ನಾಯಿ ಬಾಲ ಅಲ್ಲಾಡಿಸಿತು.

ದೊಡ್ಡ ಸಾಹುಕಾರರಿಗೆ ಅದು ಚುಚ್ಚಿತು. ತನ್ನ ಕೋಣೆಯಲ್ಲಿರುವವಳು ಮುಟ್ಟಿದರೆ ತಾನೇ ಮುಟ್ಟಿಸಿದಂತೆ ಎಂದು ಊರೆಲ್ಲ ಅಂದುಕೊಂಡರೆ? ದೇವರು ಕೂಡ ಹಾಗೇ ಅಂದುಕೊಂಡರೆ? ಅವರು ಬೊಂಬಾಯಿ ಅಕ್ಕನನ್ನು ಜಗಲಿಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ ಮನುಷ್ಯರು. ಹೆದರಿದವರ ದನಿ ಹೇಗೆ ಏರುತ್ತದೆಂದು ನಮಗೆ ಎದುರು ಮನೆಯವರಿಗೆ ಚೆನ್ನಾಗಿ ಕೇಳಿಸಿತು.

"ಆ ಗಿಡ ಪೂರಾ ಕಿತ್ತ್ ಹಾಕ್ಕ್. ನಿಮ್ ಕೈಯಂಗೇ ಕೀಳ್ಕ್."

"ನೀವೇ ಕೀಳಿ ಸಾಹುಕಾರ್ರೆ. ನಿಮ್ದ್ ಅಂತ್ರಿ ಅಲ್ದಾ ಕಟ್ಟೆ?"

ಅಲ್ಲಿತ್ತು ತಮಾಷೆ. ಅವರು ಕೀಳುವಂತಿಲ್ಲ. ಆಣೆ ಹಾಕಿದವರಿಗೇ ಮೊದಲು ಆಣೆ. ತಮ್ಮನೂ ಮುಟ್ಟುವಂತಿಲ್ಲ. ಕೂಲಿ ಕೊಟ್ಟು ಕೀಳಿಸೋಣವೆಂದರೆ ಊರಲ್ಲಿ ಯಾವ ಆಳೂ ಬರುವುದಿಲ್ಲ. ಮುಟ್ಟಿ ಆಗಿಹೋದ ಕೈ ಇಡೀ ಕುಂದಾಪುರದಲ್ಲಿ ಒಂದೇ ಇತ್ತು.

"ನಾ ಕೀಳೂದಿಲ್ಲೆ" ಎಂದರು ಆ ಕೈಯ ಒಡತಿ. "ಗಿಡ ಎಂತ ಮಾಡಿತ್ತ್ ನಿಮ್ಗೆ?"

"ಹಾಂಗಾರೆ ಕುಂಭ ಸಂಕ್ರಮಣಕ್ಕೆ ಕೋಣೆ ಖಾಲಿ ಮಾಡಿ. ಅಷ್ಟ್ರೊಳ್ಗೆ ಗಿಡ ಕಿತ್ರೆ ಇರಿ, ಯಾರೂ ಎಬ್ಸೂದಿಲ್ಲೆ."

ಅಲ್ಲಿಂದ ಮುಂದೆ ನಾವೆಲ್ಲ ಉಸಿರು ಬಿಗಿಹಿಡಿದು ಬದುಕಿದೆವು. ಏನಾದರೂ ಆಗಲೇಬೇಕು, ಯಾವಾಗ ಎಂಬುದಷ್ಟೇ ಪ್ರಶ್ನೆ ಎನ್ನುವಂತೆ ಕೇರಿ ಕಾಯುತ್ತಿತ್ತು. ಕಾಯುವವರಿಗೆ ಆಗದೆ ಇರುತ್ತದೆಯೇ? ದೊಡ್ಡ ಸಾಹುಕಾರರ ಗಬ್ಬದ ದನ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಸಣ್ಣ ಸಾಹುಕಾರರ ಮಗಳು ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡಳು. ಇದು ಸಾಲದೆಂಬಂತೆ ನನ್ನ ಅತ್ತೆಗೆ ಬೆನ್ನಿಂದ ಹೊಟ್ಟೆಯ ತನಕ ಸರ್ಪಸುತ್ತು ಎದ್ದಿತು. ಇನ್ನೇನು ಬೇಕು! ಕಟ್ಟೆಯಿಂದ ಹೊರಟ ಕೇರೆ ಹಾವೇ ಬಂದು ಸುತ್ತಿಕೊಂಡಿದೆ ಎಂದು ಮನೆಮನೆಯಲ್ಲಿ ಮಾತು. ಬೊಂಬಾಯಿ ಅಕ್ಕ ನಮ್ಮ ಮೆಟ್ಟಿಲ ತನಕ ಬಂದು ಅತ್ತೆಯನ್ನು ಕೇಳಿದರು. "ಅಮ್ಮ, ಕಟ್ಟೆ ಮುಟ್ಟಿದ್ ನಾನ್. ಸುತ್ತ್ ಎದ್ದಿದ್ ನಿಮ್ಗೆ. ದೇವ್ರಿಗ್ ಮನೆ ಗುರ್ತ ಸಿಕ್ಕಲಿಲ್ಯಾ?" ಅತ್ತೆ ನರಳುತ್ತಲೇ ನಕ್ಕುಬಿಟ್ಟರು, ಆಮೇಲೆ ನಕ್ಕದ್ದಕ್ಕೆ ಹೆದರಿ ದೇವರಿಗೆ ಕೈ ಮುಗಿದರು.

ಹೊರಗೆ ಹೀಗೆ ಮಾತಾಡುತ್ತಿದ್ದ ಹೆಂಗಸು ಒಳಗೆ ಹೇಗಿದ್ದರು ಎಂಬುದನ್ನು ನಾನು ಒಂದು ಸಲ ಮಾತ್ರ ಕಂಡೆ. ಹಪ್ಪಳದ ಹಿಟ್ಟು ಕುಟ್ಟಲು ಅವರ ಕೋಣೆಗೆ ಹೋಗಿದ್ದೆ. ಒನಕೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು.

"ಹೆಣೆ, ಆ ಹೆಣ್ ಮಗೀನ್ ಕೈ ಸಮಾ ಆತ್ತಾ?"

"ಪಟ್ಟಿ ಕಟ್ಟಿದ್ರ್. ಆತ್ತ್ ಅಂಬ್ರ್."

"ಆಯ್ಕ್. ಆಯ್ದಿರೆ..." ಒನಕೆಯನ್ನು ಒಮ್ಮೆ ಎತ್ತಿ ಕುಟ್ಟಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಬೊಂಬಾಯಂಗ್ ಇಪ್ಪತಿಗೆ ಯಾವ್ ದೇವ್ರಿಗೂ ಹೆದ್ರಲಿಲ್ಲೆ. ಇಲ್ಲಿಗ್ ಬಂದ್ಮೇಲೆ ಬೆಳಿಗ್ಗೆ ಎದ್ದ್ ಕೂಡ್ಲೆ ಯಾರ್ ಮನೆಯಂಗೆ ಅಳೂ ಶಬ್ದ ಕೇಂತತ್ತ್ ಅಂದೇಳಿ ಕೆಮಿ ಕೊಡ್ತೆ."

"ಹಾಂಗಾರೆ ಕಿತ್ತ್ ಹಾಕಿ ಅಕ್ಕ. ನಾಕ್ ಗಿಡಕ್ಕ್ ಬೇಕಾಯಿ ಮನೆ ಬಿಡ್ತ್ರಾ? ನಿಮ್ಗ್ ಹೋಪುಕೆ ಎಲ್ಲಿತ್ತ್?"

"ಹೋಪುಕೆ ಹತ್ತ್ ಊರಿತ್ತ್ ನಂಗೆ" ಎಂದು ಒಮ್ಮೆಲೇ ಗದರಿದರು. "ಕಿತ್ರೆ ಎಂತಾತ್ತ್ ಗೊತ್ತಿತ್ತಾ? ಆ ದನ, ಆ ಮಗು, ನಿನ್ ಅತ್ತೆ, ಎಲ್ಲ ನಾನೇ ಮಾಡಿದ್ದ್ ಅಂದೇಳಿ ನಾನೇ ಒಪ್ಕಂಡಾಂಗ್ ಆತ್ತ್. ನಾ ಕೀಳೆ."

ಶಿರೂರಿನ ಬಾಗಿಲು ಮುಚ್ಚಿದೆಯೆಂದು ನನಗೆ ಗೊತ್ತಿತ್ತು. ಉಳಿದ ಒಂಬತ್ತು ಊರು ಯಾವುವೆಂದು ಕೇಳುವ ಧೈರ್ಯವಾಗಲಿಲ್ಲ. ಕುಟ್ಟಿದ ಹಿಟ್ಟು ಜರಡಿ ಹಿಡಿದು ಮನೆಗೆ ಬಂದೆ.

ಮಕರ ತಿಂಗಳು ಮುಗಿಯುತ್ತ ಬಂದ ಹಾಗೆ ಕಟ್ಟೆಯ ತುಂಬ ಹೂ ಬಂತು. ಅಬ್ಬಲಿಗೆಯ ಆ ಬಣ್ಣ ದೂರದ ರಸ್ತೆಗೂ ಕಾಣುತ್ತಿತ್ತು. ಬೇರೆ ಬೀದಿಯವರು ನಿಂತು ನೋಡಿ, ಒಬ್ಬರೂ ಕೊಯ್ಯುತ್ತಿಲ್ಲವೇಕೆ ಎಂದು ಕೇಳಿ, ಉತ್ತರ ಸಿಗದೆ ಹೋಗುತ್ತಿದ್ದರು. ಬೊಂಬಾಯಿ ಅಕ್ಕನೂ ಮುಟ್ಟಲಿಲ್ಲ. ನೀರು ಹಾಕುವುದು, ಉದುರಿದ್ದನ್ನು ಗುಡಿಸುವುದು, ಅಷ್ಟೇ. ಬೆಳಿಗ್ಗೆ ಹಾಲು ತರಲು ಹೋಗುವಾಗ ದೊಡ್ಡಕ್ಕ ಕಿಟಕಿಯ ಸರಳು ಹಿಡಿದು ಕಟ್ಟೆಯನ್ನೇ ನೋಡುತ್ತ ನಿಂತಿರುವುದನ್ನು ನಾನು ಕಾಣುತ್ತಿದ್ದೆ. ಆಕೆ ಮಾತೇ ಆಡದ ಹೆಂಗಸು. ಗಂಡನೆದುರು ಬಾಯಿ ತೆರೆದದ್ದನ್ನು ಯಾರೂ ಕಂಡದ್ದಿಲ್ಲ.

ಸಂಕ್ರಮಣದ ಬೆಳಿಗ್ಗೆ ಎತ್ತಿನಗಾಡಿ ಬಂದು ನಿಂತಿತು. ಗಾಡಿಯವನು ಟ್ರಂಕು, ಒನಕೆ, ಹಪ್ಪಳದ ಮಣೆ, ಎರಡು ಭರಣಿ ಹೇರಿದ. ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ದೊಡ್ಡ ಸಾಹುಕಾರರು ಜಗಲಿಯ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಇನ್ನೂ ಹೊತ್ತ್ ಮೀರ್ಲಿಲ್ಲೆ" ಎಂದರು. "ಒಂದ್ ಗಿಡ ಕೀಳಿ, ಸಾಕ್. ನಾನ್ ಸಾಮಾನ್ ಇಳ್ಸ್ತೆ."

ಬೊಂಬಾಯಿ ಅಕ್ಕ ಸೆರಗು ಬಿಗಿದು ನೇರ ಕಟ್ಟೆಯ ಕಡೆ ನಡೆದರು. ಕೀಳುತ್ತಾರೆ ಎಂದು ನಾನು ನಿಟ್ಟುಸಿರು ಬಿಟ್ಟೆ. ಸದ್ಯ, ಉಳಿದರಲ್ಲ! ಅವರು ಬಗ್ಗಿ ಕೈ ಹಾಕಿದರು. ಹೂ ಕೊಯ್ಯತೊಡಗಿದರು. ಮಡಿಲು ತುಂಬ ಕೊಯ್ದು, ಕಟ್ಟೆಯ ಅಂಚಿನಲ್ಲಿ ಕೂತು, ಬಾಳೆಯ ನಾರು ತೆಗೆದು ಕಟ್ಟಲು ಶುರುಮಾಡಿದರು. ನಾರು ಸೀರೆಯಲ್ಲೇ ಸಿಕ್ಕಿಸಿ ತಂದಿದ್ದರು. ಎತ್ತುಗಳ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು.

ಕಟ್ಟಿ ಮುಗಿಸಿ ಒಂದು ತುಂಡನ್ನು ತಾವೇ ಮುಡಿದುಕೊಂಡರು. ಉಳಿದ ಮಾಲೆಯನ್ನು ಕೈಯಲ್ಲಿ ಎತ್ತಿ ಹಿಡಿದು ಕೇರಿಯ ಕಡೆ ನೋಡಿದರು.

"ನಾನ್ ಹ್ವಾತೆ. ಹೂ ಬೇಕಾದರ್ ತಕಣಿ."

ಯಾರೂ ಅಲ್ಲಾಡಲಿಲ್ಲ. ನಾನು ಒಂದು ಹೆಜ್ಜೆ ಇಟ್ಟದ್ದು ನಿಜ. ಅತ್ತೆ ರಟ್ಟೆ ಹಿಡಿದು ನಿಲ್ಲಿಸಿದರು. ಆಗ ದೊಡ್ಡ ಮನೆಯ ಬಾಗಿಲು ತೆರೆಯಿತು. ದೊಡ್ಡಕ್ಕ ಮೆಟ್ಟಿಲಿಳಿದು, ಗಂಡನ ಎದುರಿನಿಂದಲೇ ದಾಟಿ, ಬರಿಗಾಲಲ್ಲಿ ಅಂಗಳಕ್ಕೆ ಬಂದರು. ಕಟ್ಟೆಯ ಹತ್ತಿರ ಹೋಗಿ, ಬೊಂಬಾಯಿ ಅಕ್ಕನಿಗೆ ಬೆನ್ನು ಹಾಕಿ, ಸ್ವಲ್ಪ ಬಗ್ಗಿ ನಿಂತರು.

"ಮುಡ್ಸಿ" ಎಂದರು.

"ಏ! ಎಂತ ಮಾಡ್ತಿದ್ದೆ? ಒಳ್ಗ್ ಬಾ!" ದೊಡ್ಡ ಸಾಹುಕಾರರು ಎದ್ದು ನಿಂತರು.

ದೊಡ್ಡಕ್ಕ ತಿರುಗಲಿಲ್ಲ. "ಹೂ ಮುಡ್ಕಂಡ್ ಬತ್ತೆ. ಒಳ್ಗ್ ಸೇರ್ಸುದಾರೆ ಬತ್ತೆ. ಇಲ್ದಿರೆ ಗಾಡಿ ಹ್ಯಾಂಗೂ ಬಂದಿತ್ತಲೆ."

ಬೊಂಬಾಯಿ ಅಕ್ಕ ಮಾಲೆ ಮುಡಿಸಲು ಹೋದರು. ಅಷ್ಟುದ್ದ ಕಟ್ಟಿದ ಕೈಗೆ ಅದನ್ನು ಜಡೆಗೆ ಸಿಕ್ಕಿಸಲು ಆಗಲೇ ಇಲ್ಲ. ಎರಡು ಸಲ ಜಾರಿತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಸಣ್ಣಕ್ಕ ಬಂದರು, ಓಡಿಯೇ ಬಂದರು. ಆ ಕೈಯಿಂದ ಮಾಲೆ ತೆಗೆದುಕೊಂಡು, ವರ್ಷಗಟ್ಟಲೆ ಮಾತಾಡಿಸದ ಓರಗಿತ್ತಿಯ ಜಡೆಗೆ ತಾವೇ ಮುಡಿಸಿದರು. ಮುಡಿಸುತ್ತ ಅತ್ತರು. ಏನೋ ಹೇಳಿದರು, ನಮಗೆ ಕೇಳಲಿಲ್ಲ. ಸಣ್ಣ ಸಾಹುಕಾರರು ಜಗಲಿಯಲ್ಲಿ ಬಂದು ನಿಂತವರು ನಾಯಿಗೂ ಏನೂ ಹೇಳಲಿಲ್ಲ.

ಈಗ ಆಣೆ ಎರಡೂ ಮನೆಯ ಒಳಗೆ ಬಂದಿತ್ತು, ಒಬ್ಬರ ಹೆಂಡತಿಯ ಮುಡಿಯಲ್ಲಿ, ಇನ್ನೊಬ್ಬರ ಹೆಂಡತಿಯ ಕೈಯಲ್ಲಿ. ಅಣ್ಣತಮ್ಮ ಒಟ್ಟಿಗೆ ಹೋಗಿ ತಪ್ಪುಕಾಯಿ ಇಡದೆ ಬೇರೆ ದಾರಿ ಉಳಿದಿರಲಿಲ್ಲ. ಅದು ಇಬ್ಬರಿಗೂ ಅರ್ಥವಾಯಿತು, ನಮಗೂ ಅರ್ಥವಾಯಿತು. ದೊಡ್ಡ ಸಾಹುಕಾರರು ಹೆಂಡತಿಯ ತಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಾಡಿಯವನಿಗೆ, ಯಾರ ಮುಖವನ್ನೂ ನೋಡದೆ, "ಸಾಮಾನ್ ಇಳ್ಸ್. ಕೋಣೆಯಂಗ್ ತಕಂಡ್ ಹೋಗಿಡ್" ಎಂದು ಹೇಳಿ ಒಳಗೆ ಹೋದರು.

ಬೊಂಬಾಯಿ ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತರು. ಕೇರಿಯ ಹೆಂಗಸರೆಲ್ಲ ಈಗ ಅವರ ಸುತ್ತ. ನನ್ನ ಅತ್ತೆಯೂ ಸೊಂಟ ಹಿಡಿದುಕೊಂಡು ಹೋದರು. ನಾನು ಸಾಮಾನು ಇಳಿಸಲು ಕೈ ಕೊಡೋಣವೆಂದು ಗಾಡಿಯ ಹತ್ತಿರ ನಿಂತೆ. ಗಾಡಿಯವನು ಟ್ರಂಕನ್ನು ಹೆಗಲಿಗೆ ಏರಿಸುತ್ತ ನನ್ನ ಹತ್ತಿರ ಗೊಣಗಿದ.

"ಬೆಳಿಗ್ಗಿಂದ ಕೇಂತಾ ಇದ್ದೆ ಅಮ್ಮ, ಗಾಡಿ ಎಲ್ಲಿಗ್ ಹೊಡೂಕ್ ಅಂದೇಳಿ. ಮೊದ್ಲ್ ಹೇರ್, ಕಡೀಗ್ ಹೇಳ್ತೆ ಅಂದ್ರ್. ಕಡೀಗೂ ಹೇಳ್ಲೇ ಇಲ್ಲೆ."